ಪೋಲೆಂಡಿನಲ್ಲಿ ಇಟಲಿಗೆ ‘ವ್ವೊಹಿ’ ಎನ್ನುವುದೇಕೆ?

ಪ್ರಶ್ನೆ: ಕೆಲಸದ ನಿಮಿತ್ತ ಪೋಲೆಂಡಿನ ಕ್ರಾಕೋವ್‌ನಲ್ಲಿದ್ದೇನೆ. ಇಲ್ಲಿನವರು ಇಟಲಿಯನ್ನು ‘ವ್ವೊಹಿ’ ಎನ್ನುತ್ತಾರೆ. ಅಂಗಡಿಯಲ್ಲಿ ಆಕ್ರೋಟನ್ನು ‘ಇಟಲಿಯ ಕಾಯಿ’ ಎಂಬ ಅರ್ಥ ಬರುವ ಹೆಸರಿನಲ್ಲಿ ಮಾರುತ್ತಾರೆ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಲ್ಲದರಲ್ಲೂ ಇಟಲಿ ಇಟಲಿಯೇ ಆಗಿರುವಾಗ ಇವರಿಗೆ ಮಾತ್ರ ಈ ಹೆಸರು ಎಲ್ಲಿಂದ ಸಿಕ್ಕಿತು? ನಮ್ಮ ಆಫೀಸಿನಲ್ಲಿರುವ ವೇಲ್ಸ್‌ನವರೊಬ್ಬರು, “ಅದೂ ನಮ್ಮ ವೇಲ್ಸ್ ಎಂಬ ಹೆಸರೂ ಒಂದೇ ಪದ, ಅರ್ಥ ಪರಕೀಯ” ಎಂದರು. ನಿಜವೇ? ಹಾಗಾದರೆ ಸ್ವಿಟ್ಜರ್ಲೆಂಡಿನ ವಾಲಿಸ್ ಕೂಡ ಇದೇ ಪದವೇ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ವೇಲ್ಸ್ ಮತ್ತು ವ್ವೊಹಿ ಒಂದೇ ಬೇರಿನ ಪದಗಳು. ಇಂಗ್ಲಿಷಿನವರು ಆಕ್ರೋಟಿಗೆ ಹೇಳುವ ‘ವಾಲ್‌ನಟ್’ನಲ್ಲಿರುವ ‘ವಾಲ್’ ಅದೇ. ಬೆಲ್ಜಿಯಂನ ಫ್ರೆಂಚ್ ಭಾಷಿಕರಾದ ವಲೋನರು, ಇಂದಿನ ರೊಮೇನಿಯದಲ್ಲಿರುವ, ಡ್ರಾಕುಲಾ ಆಳಿದ ವಲಾಕಿಯ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್, ಸ್ಕಾಟ್ಲೆಂಡಿನ ವೀರ ವಿಲಿಯಂ ವಾಲೇಸನ ಮನೆತನದ ಹೆಸರು, ಎಲ್ಲವೂ ಅದೇ. ಆದರೆ ‘ಪರಕೀಯ’ ಎಂಬ ಅರ್ಥವಿದೆಯಲ್ಲ, ಅದು ಅರೆಸತ್ಯ. ಎಲ್ಲೆಡೆ ಸುಲಭವಾಗಿ ಹೇಳಿಬಿಡುವ ಮಾತಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಉಚ್ಚಾರದ ಗೊಂದಲ. ನಿಮ್ಮ ಕಿವಿಗೆ ವ್ವೊಹಿಯಲ್ಲಿ ಲಕಾರವೇ ಕೇಳಿಸುವುದಿಲ್ಲ. ಬರೆದದ್ದನ್ನು ನೋಡಿ, ಎರಡನೆಯ ಅಕ್ಷರ ಅಡ್ಡಗೀಟು ಹಾಕಿದ ಎಲ್. ಹಿಂದೆ ಅದು ನಾಲಿಗೆಯ ಹಿಂಭಾಗವನ್ನು ಎತ್ತಿ ಹೇಳುವ ದಪ್ಪ ಲಕಾರವಾಗಿತ್ತು. ಈಗಿನ ಪೋಲಿಷ್ ಬಾಯಲ್ಲಿ ಅದು ಪೂರ್ತಿ ವಕಾರವಾಗಿದೆ. ಆ ಲಕಾರವನ್ನು ಮರಳಿಸಿ ಓದಿದರೆ ‘ವ್ಲೊಹಿ’. ಇಟಲಿಯವನು ‘ವ್ಲೊಹ್’, ಅವನ ಬಹುವಚನವೇ ದೇಶದ ಹೆಸರು. ವಾರ್ಸಾದಲ್ಲಿ ಇದೇ ಹೆಸರಿನ ಒಂದು ಬಡಾವಣೆಯೂ ಇದೆ, ಅಲ್ಲಿನ ಮುಖ್ಯ ವಿಮಾನ ನಿಲ್ದಾಣ ಇರುವುದು ಅದರಲ್ಲೇ. ಪೋಲೆಂಡಿಗೆ ಹೋಗಿ ಇಳಿದವರು ಮೊದಲು ಕಾಲಿಡುವುದು ‘ಇಟಲಿ’ಯಲ್ಲಿ!

ಈ ಪದ ಪೋಲಿಷರು ಹುಟ್ಟಿಸಿದ್ದಲ್ಲ. ಪೋಲಿಷ್, ಚೆಕ್, ರಷ್ಯನ್ ಮೊದಲಾದ ಸ್ಲಾವ್ ಭಾಷೆಗಳು ಅದನ್ನು ಜರ್ಮಾನಿಕ್ ಭಾಷೆಗಳಿಂದ ಪಡೆದವು. ಜರ್ಮಾನಿಕ್ ಎಂದರೆ ಇಂದಿನ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಮೊದಲಾದವುಗಳ ತಾಯಿ. ಆ ತಾಯಿಭಾಷೆಗೂ ಅದು ಸ್ವಂತದ್ದಲ್ಲ, ಒಂದು ಕೆಲ್ಟಿಕ್ ಬುಡಕಟ್ಟಿನ ಹೆಸರು. ಕೆಲ್ಟರೆಂದರೆ ರೋಮನ್ನರಿಗಿಂತ ಮೊದಲು ಪಶ್ಚಿಮ, ಮಧ್ಯ ಯುರೋಪಿನಲ್ಲಿ ಹರಡಿದ್ದ ಜನ. ರೋಮನ್ನರು ಆ ಬುಡಕಟ್ಟನ್ನು ‘ವೋಲ್ಕೇ’ ಎಂದು ಬರೆದಿದ್ದಾರೆ. ಗಾಲ್, ಅಂದರೆ ಇಂದಿನ ಫ್ರಾನ್ಸ್ ಕಡೆಯ ನಾಡಿನ, ಯುದ್ಧದ ಬರಹದ ಆರನೆಯ ಭಾಗದಲ್ಲಿ ಜೂಲಿಯಸ್ ಸೀಸರ್ ಅವರನ್ನು ಹೆಸರಿಸುತ್ತಾನೆ: ರೈನ್ ನದಿಯ ಆಚೆ, ಹರ್ಸೀನಿಯ ಎಂಬ ಮಹಾರಣ್ಯದ ಸುತ್ತಲಿನ ಫಲವತ್ತಾದ ನೆಲದಲ್ಲಿ ನೆಲೆಸಿದವರು, ನ್ಯಾಯಕ್ಕೂ ಯುದ್ಧಕೌಶಲಕ್ಕೂ ಹೆಸರಾದವರು. ಅದೇ ಹೆಸರಿನ ಇನ್ನೆರಡು ಗುಂಪುಗಳು ದಕ್ಷಿಣ ಫ್ರಾನ್ಸಿನ ತುಲೂಸ್ ಮತ್ತು ನೀಮ್ ಕಡೆ ಇದ್ದವು. ಜರ್ಮಾನಿಕ್ ಜನರಿಗೆ ದಕ್ಷಿಣ ದಿಕ್ಕಿನ ಪಕ್ಕದ ಮನೆಯವರು ಈ ವೋಲ್ಕೇಗಳೇ. ಮೊದಲು ಆ ಒಂದು ಬುಡಕಟ್ಟಿಗೆ ಹೇಳುತ್ತಿದ್ದ ಹೆಸರು ಬರಬರುತ್ತಾ ಆ ದಿಕ್ಕಿನ ಕೆಲ್ಟರಿಗೆಲ್ಲ ಹರಡಿಕೊಂಡಿತು. ಅವರ ಬಾಯಲ್ಲಿ ಅದರ ರೂಪ ‘ವಲ್ಹ’.

ವೋಲ್ಕ ಹೇಗೆ ವಲ್ಹ ಆಯಿತು ಎಂಬುದು ಕನ್ನಡದವರಿಗೆ ಬೇಗ ಅರ್ಥವಾಗುವ ಸಂಗತಿ. ಹಳಗನ್ನಡದ ಪಾಲು, ಪುಲಿ, ಪೂ ಹೊಸಗನ್ನಡಕ್ಕೆ ಬರುವಾಗ ಹಾಲು, ಹುಲಿ, ಹೂ ಆದವಷ್ಟೆ. ಸಂಸ್ಕೃತದ ‘ಪರ್ವ’ ಆ ಬದಲಾವಣೆಗಿಂತ ಮೊದಲೇ ಕನ್ನಡಕ್ಕೆ ಬಂದು ‘ಪಬ್ಬ’ವಾಗಿತ್ತು, ಹಾಗಾಗಿ ಪಕಾರ ಹಕಾರವಾದಾಗ ಅದೂ ಜೊತೆಗೆ ಹೋಗಿ ‘ಹಬ್ಬ’ವಾಯಿತು. ಜರ್ಮಾನಿಕ್‌ನಲ್ಲಿ ಇಂಥದ್ದೇ ಒಂದು ಪಲ್ಲಟ ಕಕಾರಕ್ಕೆ ಆಯಿತು. ಲ್ಯಾಟಿನ್ನಿನ ‘ಕಾರ್ನು’ ಇಂಗ್ಲಿಷಿನಲ್ಲಿ ‘ಹಾರ್ನ್’, ‘ಕೆಂಟುಮ್’ ಎದುರಿಗೆ ‘ಹಂಡ್ರೆಡ್’. ಯಾಕೊಬ್ ಗ್ರಿಮ್ 1822ರಲ್ಲಿ ವಿವರವಾಗಿ ಮಂಡಿಸಿದ ನಿಯಮ ಇದು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಅಣ್ಣತಮ್ಮಂದಿರಲ್ಲಿ ದೊಡ್ಡವನೇ ಈತ. ವೋಲ್ಕದ ಕಕಾರ ಹಕಾರವಾಗಿದೆ ಎಂದರೆ, ಆ ಪಲ್ಲಟ ನಡೆಯುವ ಮೊದಲೇ ಹೆಸರು ಜರ್ಮಾನಿಕ್ ಒಳಗೆ ಬಂದಿರಬೇಕು, ಅಂದರೆ ಕ್ರಿಸ್ತಪೂರ್ವದಲ್ಲೇ. ರೋಮ್ ಇನ್ನೂ ಉತ್ತರಕ್ಕೆ ಕೈ ಚಾಚಿರದ ಕಾಲ.

ಆಮೇಲೆ ರೋಮ್ ಬಂತು. ಗಾಲ್ ಪ್ರಾಂತದ ಕೆಲ್ಟರು ಕೆಲವು ಶತಮಾನಗಳಲ್ಲಿ ತಮ್ಮ ಭಾಷೆ ಬಿಟ್ಟು ಲ್ಯಾಟಿನ್ ಆಡತೊಡಗಿದರು. ಜರ್ಮಾನಿಕ್ ಜನ ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ. ಅದೇ ದಿಕ್ಕಿನಲ್ಲಿ ಅದೇ ಜನ ಇದ್ದರು, ಅವರ ಮಾತು ಮಾತ್ರ ಬದಲಾಗಿತ್ತು. ಹೀಗೆ ‘ವಲ್ಹ’ ಎಂದರೆ ಕೆಲ್ಟ್ ಎಂದಿದ್ದದ್ದು ಲ್ಯಾಟಿನ್ ಆಡುವವ ಎಂದಾಯಿತು. ಇಡೀ ಕಥೆಯ ಕೀಲಿ ಇಲ್ಲಿದೆ. ಕಣ್ಣಿಗೆ ಬಿದ್ದ ಪರದೇಶಿಗಳನ್ನೆಲ್ಲ ಜರ್ಮನ್ನರು ವಲ್ಹ ಎನ್ನಲಿಲ್ಲ. ಪೂರ್ವದ ಸ್ಲಾವರೂ ಅವರಿಗೆ ಪರಕೀಯರೇ, ಅವರಿಗಿಟ್ಟ ಹೆಸರು ‘ವೆಂಡ್’. ಉತ್ತರದ ಫಿನ್ನರಿಗೆ ಮತ್ತೊಂದು ಹೆಸರು. ವಲ್ಹ ಎಂದರೆ ಒಂದು ನಿರ್ದಿಷ್ಟ ಬಗೆಯ ಪರಕೀಯ, ರೋಮನ್ ಸಾಮ್ರಾಜ್ಯದ ಕಡೆಯವ.

ಇದಕ್ಕೆ ಸಾಕ್ಷಿಯೂ ಇದೆ, ಸ್ವಲ್ಪ ನಗು ತರಿಸುವಂಥದ್ದು. ಜರ್ಮನಿಯ ಕಾಸೆಲ್ ನಗರದಲ್ಲಿ 9ನೇ ಶತಮಾನದ ಆರಂಭದ ಒಂದು ಹಸ್ತಪ್ರತಿ ಇದೆ. ಇವತ್ತಿನ ‘30 ದಿನಗಳಲ್ಲಿ ಕಲಿಯಿರಿ’ ಪುಸ್ತಕಗಳ ಅಜ್ಜ ಎನ್ನಬಹುದು. ಒಂದು ವಾಕ್ಯ ಲ್ಯಾಟಿನ್ನಿನಲ್ಲಿ, ಪಕ್ಕದಲ್ಲಿ ಅದೇ ವಾಕ್ಯ ದಕ್ಷಿಣ ಜರ್ಮನಿಯ ಬವೇರಿಯದ ಹಳೆಯ ಜರ್ಮನ್ನಿನಲ್ಲಿ. ಕೂದಲು ಕತ್ತರಿಸು, ಗಡ್ಡ ಹೆರೆ ಎಂಬಂಥ ವಾಕ್ಯಗಳ ನಡುವೆ ಬರೆದವನು ತನ್ನ ಮನಸ್ಸಿನ ಮಾತನ್ನೂ ತೂರಿಸಿದ್ದಾನೆ: ರೋಮನ್ನರು ದಡ್ಡರು, ಬವೇರಿಯದವರು ಜಾಣರು. ಲ್ಯಾಟಿನ್ ಸಾಲಿನಲ್ಲಿ ‘ರೊಮಾನಿ’ ಎಂದಿರುವ ಕಡೆ ಜರ್ಮನ್ ಸಾಲಿನಲ್ಲಿರುವುದು ‘ವಲ್ಹಾ’. ಇದಕ್ಕಿಂತ ನೇರವಾದ ನಿಘಂಟು ಬೇಕೇ?

ಈಗ ವೇಲ್ಸ್‌ಗೆ ಬರೋಣ. 5ನೇ ಶತಮಾನದಲ್ಲಿ ಆಂಗ್ಲರು, ಸ್ಯಾಕ್ಸನರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದಾಗ ಅಲ್ಲಿದ್ದವರು ಸುಮಾರು ನಾಲ್ಕು ಶತಮಾನ ರೋಮಿನ ಆಳ್ವಿಕೆ ಕಂಡ ಕೆಲ್ಟರು. ಹಳೆಯ ಅರ್ಥವಾಗಲಿ ಹೊಸ ಅರ್ಥವಾಗಲಿ, ಎರಡೂ ಅವರಿಗೆ ಹೊಂದುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಅಂಥವನು ‘ವ್ಯಾಲ್ಹ್’, ಬಹುವಚನ ‘ವ್ಯಾಲಸ್’. ಈ ಬಹುವಚನವೇ ಸವೆದು ವೇಲ್ಸ್ ಆಯಿತು. ಪೋಲಿಷ್ ‘ವ್ವೊಹಿ’ಯಂತೆಯೇ ಇಲ್ಲೂ ಜನರ ಹೆಸರಿನ ಬಹುವಚನವೇ ದೇಶದ ಹೆಸರು. ಕಾರ್ನ್‌ವಾಲ್‌ನ ‘ವಾಲ್’ ಗೋಡೆಯಲ್ಲ, ಆ ತುದಿಯ ವ್ಯಾಲಸ್‌ಗಳು. ಲಿವರ್‌ಪೂಲ್ ಎದುರಿನ ವಾಲಸಿ ಎಂಬ ಊರು ಅವರ ದ್ವೀಪ.

ಗೆದ್ದವರ ಭಾಷೆಯಲ್ಲಿ ಸೋತವರ ಹೆಸರು ಮೇಲೇಳುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ದೊರೆ ಈನೆ 7ನೇ ಶತಮಾನದ ಕೊನೆಗೆ ಮಾಡಿದ ಕಾನೂನು ನೋಡಿ. ಆ ಕಾಲದಲ್ಲಿ ಒಬ್ಬನನ್ನು ಕೊಂದರೆ ಅವನ ಮನೆಯವರಿಗೆ ದಂಡ ಕಟ್ಟಬೇಕು, ಅವನ ಅಂತಸ್ತಿಗೆ ತಕ್ಕಂತೆ. ಮೇಲುಮಟ್ಟದ ಇಂಗ್ಲಿಷ್ ಕುಲೀನನ ಬೆಲೆ 1200 ಶಿಲ್ಲಿಂಗ್. ಐದು ಹೈಡ್ (ಆ ಕಾಲದ ಭೂಮಿಯ ಅಳತೆ) ಜಮೀನಿರುವ ವ್ಯಾಲ್ಹ್‌ನ ಬೆಲೆ 600. ಮುಂದೆ ವ್ಯಾಲ್ಹ್ ಎಂಬುದಕ್ಕೆ ‘ಆಳು, ಗುಲಾಮ’ ಎಂಬ ಅರ್ಥವೂ ಅಂಟಿತು. ‘ವೆಲ್ಶ್’ ಎಂದರೆ ಗುಲಾಮ ಎಂದು ಆಗಾಗ ಹಂಚಿಕೆಯಾಗುವ ಪೋಸ್ಟುಗಳ ಮೂಲ ಇದು. ಆದರೆ ಅವರು ಒಂದು ಬದಿ ಮಾತ್ರ ಹೇಳುತ್ತಾರೆ. ಅದೇ ವೆಸೆಕ್ಸ್‌ನ ಸಿಂಹಾಸನದಲ್ಲಿ 7ನೇ ಶತಮಾನದಲ್ಲೇ ಕೂತಿದ್ದ ಒಬ್ಬ ದೊರೆಯ ಹೆಸರು ಕೆನ್‌ವಾಲ್ಹ್. ಸಸೆಕ್ಸ್‌ನಲ್ಲಿ ಇನ್ನೊಬ್ಬ, ಎಥೆಲ್‌ವಾಲ್ಹ್. ಬರೀ ಬೈಗುಳವಾಗಿದ್ದರೆ ರಾಜರು ಮಕ್ಕಳಿಗೆ ಆ ಹೆಸರಿಡುತ್ತಿರಲಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ವ್ಯಾಲ್ಹ್‌ಸ್ಟೋಡ್’ ಎಂಬ ಪದ: ಹಳೆಯ ಇಂಗ್ಲಿಷಿನಲ್ಲಿ ದುಭಾಷಿಗೆ, ಅನುವಾದಕನಿಗೆ ಇದ್ದ ಹೆಸರು. ಇಬ್ಬರ ನಡುವೆ ಜಗಳ ಮಾತ್ರವಲ್ಲ, ಮಾತೂ ನಡೆಯುತ್ತಿತ್ತು.

ವೇಲ್ಸ್‌ನವರು ತಮ್ಮನ್ನು ಕರೆದುಕೊಳ್ಳುವುದು ‘ಕಮ್ರಿ’ ಎಂದು, ‘ಒಂದೇ ನಾಡಿನವರು’ ಎಂಬ ಅರ್ಥದ ಹಳೆಯ ಪದದಿಂದ. ನಾಡಿಗೂ ಉಚ್ಚಾರದಲ್ಲಿ ಅದೇ ಹೆಸರು, ಕಾಗುಣಿತ ಮಾತ್ರ ಬೇರೆ. ಇಂಗ್ಲೆಂಡಿನ ವಾಯವ್ಯದ ಕಂಬ್ರಿಯ ಎಂಬ ಪ್ರದೇಶದ ಹೆಸರೂ ಅದೇ. ಅವರು ಇಂಗ್ಲಿಷರನ್ನು ಇಂದಿಗೂ ‘ಸೈಸನ್’, ಅಂದರೆ ಸ್ಯಾಕ್ಸನರು, ಎನ್ನುತ್ತಾರೆ. ಪ್ರತಿ ಹೆಸರಿಗೆ ಪ್ರತಿ ಹೆಸರು.

ಇಂಗ್ಲಿಷಿನ ‘ವೆಲ್ಶ್’ ನಾರ್ಮನ್ ಫ್ರೆಂಚಿನ ಬಾಯಿಗೆ ಬಿದ್ದು ‘ವಲೈಸ್’ ಆಯಿತು, ಅದರಿಂದ ವಾಲೇಸ್. ದಕ್ಷಿಣ ಸ್ಕಾಟ್ಲೆಂಡಿನಲ್ಲೂ ಹಿಂದೆ ವೇಲ್ಸ್‌ನ ಭಾಷೆಗೆ ಹತ್ತಿರದ ಮಾತಾಡುವ ಬ್ರಿಟನ್ನರಿದ್ದರು, ಸ್ಟ್ರಾತ್‌ಕ್ಲೈಡ್ ಅವರ ರಾಜ್ಯ. 1305ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಸ್ಕಾಟಿಷ್ ವೀರನ ಮನೆತನದ ಹೆಸರಿನಲ್ಲಿ ಹೀಗೆ ಇಂಗ್ಲಿಷರು ಕೊಟ್ಟ ‘ಹೊರಗಿನವ’ ಕೂತಿದ್ದಾನೆ. ಐರ್ಲೆಂಡಿನ ಸಾವಿರಾರು ವಾಲ್ಶ್ ಕುಟುಂಬಗಳದ್ದೂ ಇದೇ ಕಥೆ: 12ನೇ ಶತಮಾನದಲ್ಲಿ ನಾರ್ಮನ್ನರ ಜೊತೆ ವೇಲ್ಸ್ ಕಡೆಯಿಂದ ಬಂದವರು. ಐರಿಷ್‌ನಲ್ಲಿ ಅವರನ್ನು ‘ಬ್ರೆನಾಖ್’, ಬ್ರಿಟನ್ನ, ಎನ್ನುತ್ತಾರೆ.

ಫ್ರಾನ್ಸಿನಲ್ಲಿ ಈ ಪದ ವೇಷ ಮರೆಸಿಕೊಂಡಿದೆ. ಫ್ರೆಂಚರು ತಮ್ಮ ಪ್ರಾಚೀನ ನಾಡನ್ನು ‘ಗೋಲ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಗಾಲ್ಲಿಯ’ವೇ ಗೋಲ್ ಆಗಿದೆ ಎಂದು ಯಾರಿಗಾದರೂ ಅನಿಸುತ್ತದೆ. ಧ್ವನಿನಿಯಮ ಒಪ್ಪುವುದಿಲ್ಲ. ಫ್ರೆಂಚಿನಲ್ಲಿ ಲ್ಯಾಟಿನ್ನಿನ ‘ಗ’ ಪದದ ಮೊದಲಿಗೆ ಬಂದರೆ ಮೆತ್ತಗಾಗಿ ‘ಝ’ ಆಗುತ್ತದೆ. ಕಾಲು ಎಂಬರ್ಥದ ‘ಗಾಂಬ’ ಈಗ ‘ಝಾಂಬ್’, ಸಂತೋಷದ ‘ಗೌದಿಯ’ ಈಗ ‘ಝ್ವಾ’. ಗಾಲ್ಲಿಯ ಸಹಜವಾಗಿ ಬೆಳೆದಿದ್ದರೆ ‘ಝಾಯ್’ ಎಂಬಂಥದ್ದೇನೋ ಆಗಬೇಕಿತ್ತು. ಹಾಗಾದರೆ ಗೋಲ್ ಎಲ್ಲಿಂದ? ಜರ್ಮಾನಿಕ್ ಫ್ರಾಂಕರು ಆ ನಾಡನ್ನು ಗೆದ್ದು, ಅದನ್ನು ವಲ್ಹರ ನಾಡು ಎಂದರು. ಜರ್ಮಾನಿಕ್ ವಕಾರ ಫ್ರೆಂಚಿನಲ್ಲಿ ಗಕಾರವಾಗುವುದು ವಾಡಿಕೆ: ಇಂಗ್ಲಿಷಿನ ‘ವಾರ್’ಗೆ ಎದುರಾಗಿ ಫ್ರೆಂಚಿನ ‘ಗೇರ್’, ವಿಲಿಯಂ ಅಲ್ಲಿ ಗಿಯೋಮ್. ಅದೇ ದಾರಿಯಲ್ಲಿ ವಲ್ಹ ಗೋಲ್ ಆಯಿತು. ಗಾಲ್ಲಿಯಕ್ಕೂ ಗೋಲ್‌ಗೂ ಇರುವ ಹೋಲಿಕೆ ಆಕಸ್ಮಿಕ. ವೇಲ್ಸ್‌ಗೆ ಫ್ರೆಂಚರು ಹೇಳುವ ‘ಗಾಲ್’ ಕೂಡ ಅದೇ ದಾರಿಯಲ್ಲಿ ಬಂದದ್ದು. ತಮ್ಮ ಪೂರ್ವಿಕರನ್ನು ಫ್ರೆಂಚರು ಪರಕೀಯರು ಕೊಟ್ಟ ಹೆಸರಿನಲ್ಲಿ ನೆನೆಯುತ್ತಿದ್ದಾರೆ ಎಂಬುದು ಅವರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಬೆಲ್ಜಿಯಂನ ವಲೋನರು ಮಾತ್ರ ಈ ಹೆಸರನ್ನು ತಾವೇ ಎತ್ತಿಕೊಂಡು ಹೆಮ್ಮೆಯಿಂದ ಇಟ್ಟುಕೊಂಡವರು. ವಲೋನಿ ಎಂಬ ಪ್ರದೇಶದ ಹೆಸರು 19ನೇ ಶತಮಾನದ್ದು, ಜನರ ಹೆಸರು ಅದಕ್ಕಿಂತ ಬಹಳ ಹಳೆಯದು.

ಆಲ್ಪ್ಸ್‌ನಲ್ಲಿ ಇದು ನಕ್ಷೆಯ ಮೇಲೆ ಎಳೆದ ಗೆರೆಯಂತೆ ಉಳಿದಿದೆ. ಸ್ವಿಟ್ಜರ್ಲೆಂಡಿನ ವಾಲೆನ್‌ಸೇ ಎಂಬ ಸರೋವರದ ಹೆಸರಿನ ಅರ್ಥ ವಲ್ಹರ ಕೆರೆ. ಒಂದು ಕಾಲದಲ್ಲಿ ಜರ್ಮನ್ ಅಲ್ಲಿಗೆ ಮುಗಿದು, ಲ್ಯಾಟಿನ್ನಿನಿಂದ ಹುಟ್ಟಿದ ರೊಮಾನ್ಶ್ ಭಾಷೆ ಶುರುವಾಗುತ್ತಿತ್ತು. ಬವೇರಿಯದ ವಾಲ್ಖೆನ್‌ಸೇ, ಸಾಲ್ಜ್‌ಬರ್ಗ್ ಬಳಿಯ ಸ್ಟ್ರಾಸ್‌ವಾಲ್ಖೆನ್ ಊರು, ಇವೂ ಹಾಗೆಯೇ. ಜರ್ಮನ್ ಆಡುವ ಸ್ವಿಸ್ಸರು ಇವತ್ತಿಗೂ ತಮ್ಮ ದೇಶದ ಫ್ರೆಂಚ್ ಭಾಗವನ್ನು ‘ವೆಲ್ಶ್‌ಲಾಂಡ್’ ಎನ್ನುತ್ತಾರೆ. ಹಿಂದೆ ಶಾಲೆ ಮುಗಿಸಿದ ಹೆಣ್ಣುಮಕ್ಕಳು ಒಂದು ವರ್ಷ ಅಲ್ಲಿ ಯಾರದೋ ಮನೆಯಲ್ಲಿದ್ದು ಮನೆಗೆಲಸ ಮಾಡುತ್ತಾ ಫ್ರೆಂಚ್ ಕಲಿತು ಬರುವ ರೂಢಿಯಿತ್ತು, ಅದಕ್ಕೆ ವೆಲ್ಶ್‌ಲಾಂಡ್ ವರ್ಷ ಎಂದೇ ಹೆಸರು. ಅಲ್ಲಿ ಪದದಲ್ಲಿ ವಿಷವಿಲ್ಲ. ಜರ್ಮನಿಯಲ್ಲಿ ಇದೆ. 19ನೇ ಶತಮಾನದ ರಾಷ್ಟ್ರವಾದಿಗಳಿಗೆ ಫ್ರೆಂಚ್, ಇಟಾಲಿಯನ್ ಎಂಬುದನ್ನೆಲ್ಲ ಒಟ್ಟಿಗೆ ಹೀಗಳೆಯಲು ‘ವೆಲ್ಶ್’ ಅನುಕೂಲವಾಗಿತ್ತು. ಹಾಗಾಗಿ ಇವತ್ತು ಬರ್ಲಿನ್ನಿನಲ್ಲಿ ಅದನ್ನು ಬಳಸಿದರೆ ಹುಬ್ಬು ಗಂಟಿಕ್ಕುತ್ತದೆ, ಬರ್ನ್‌ನಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ಅರ್ಥವಾಗದ ಗೊಣಗಾಟಕ್ಕೆ ಜರ್ಮನ್ನರು ‘ಕೌಡರ್‌ವೆಲ್ಶ್’ ಎನ್ನುತ್ತಾರೆ. ಹೆಚ್ಚಿನ ವಿದ್ವಾಂಸರು ಒಪ್ಪುವ ವಿವರಣೆಯಂತೆ ಅದು ಸ್ವಿಟ್ಜರ್ಲೆಂಡಿನ ಕೂರ್ ಪಟ್ಟಣದ ಸುತ್ತಲಿನ ವೆಲ್ಶ್, ಅಂದರೆ ಪಾಪದ ರೊಮಾನ್ಶ್.

ಸ್ಲಾವರು ಜರ್ಮನ್ನರ ಬಾಯಿಂದ ಈ ಪದ ಕೇಳಿಸಿಕೊಂಡಾಗ ಅವರ ಭಾಷೆ ಇನ್ನೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅವರ ಮೂಲ ರೂಪ ‘ವೊಲ್ಹ್’. ಆಮೇಲೆ ಸ್ವರದ ನಂತರ ಲ ಅಥವಾ ರ, ಅದರ ನಂತರ ಮತ್ತೊಂದು ವ್ಯಂಜನ ಬರುವ ಇಂಥ ಪದಗಳು ಮೂರು ದಾರಿ ಹಿಡಿದವು. ದಕ್ಷಿಣದವರಲ್ಲೂ ಚೆಕ್ಕರಲ್ಲೂ ‘ವ್ಲಾಹ್’, ಪೋಲಿಷರಲ್ಲಿ ‘ವ್ಲೊಹ್’, ಪೂರ್ವದವರಲ್ಲಿ ‘ವೊಲೊಹ್’. ಕೋಟೆಯೂರು ಎಂಬರ್ಥದ ಪದವೂ ಹಾಗೆಯೇ ಒಡೆದಿದೆ: ಬೆಲ್‌ಗ್ರೇಡ್‌ನ ‘ಗ್ರಾದ್’, ಪೋಲಿಷ್ ‘ಗ್ರೂದ್’, ನೊವ್‌ಗೊರೊಡ್‌ನ ‘ಗೊರೊಡ್’. ಇನ್ನೊಂದು ಜೋಡಿ ಕಾಲವನ್ನೂ ತೋರಿಸುತ್ತದೆ. 814ರಲ್ಲಿ ತೀರಿಕೊಂಡ ಚಕ್ರವರ್ತಿ ಶಾರ್ಲ್‌ಮೇನನ ಜರ್ಮನ್ ಹೆಸರು ಕಾರ್ಲ್. ಆ ಹೆಸರೇ ಸ್ಲಾವ್ ಭಾಷೆಗಳಲ್ಲಿ ‘ರಾಜ’ ಎಂಬ ಸಾಮಾನ್ಯ ಪದವಾಯಿತು: ದಕ್ಷಿಣದಲ್ಲಿ ‘ಕ್ರಾಲ್’, ಪೋಲಿಷ್‌ನಲ್ಲಿ ‘ಕ್ರೂಲ್’, ರಷ್ಯನ್ನಿನಲ್ಲಿ ‘ಕೊರೊಲ್’. ಅವನ ಹೆಸರೂ ಈ ಮೂರು ದಾರಿಗೆ ಸಿಕ್ಕಿದೆ ಎಂದರೆ ಪಲ್ಲಟ ಅವನ ಕಾಲಕ್ಕೆ ಇನ್ನೂ ಮುಗಿದಿರಲಿಲ್ಲ.

ಪೋಲಿಷರಿಗೆ ಈ ಪದ ಒಂದು ಸಲ ಸಾಕಾಗಲಿಲ್ಲ. ಇಟಲಿಯವನಿಗೆ ತಮ್ಮದೇ ರೂಪವಾದ ವ್ಲೊಹ್ ಇತ್ತು. ಪೂರ್ವದ ನೆರೆಯವರಿಂದ ‘ವೊಲೊಹ್’ ಎಂಬ ರೂಪವನ್ನು ಬೇರೆಯಾಗಿ ತಂದುಕೊಂಡು ರೊಮೇನಿಯದ ಕಡೆಯವರಿಗೆ ಹಚ್ಚಿದರು. ಹಂಗೇರಿಯವರೂ ಅದನ್ನೇ ಮಾಡಿದರು: ಇಟಲಿಯವನು ‘ಒಲಸ್’, ರೊಮೇನಿಯದವನು ಹಳೆಯ ಮಾತಿನಲ್ಲಿ ‘ಒಲಾಹ್’. ಎರಡೂ ಸ್ಲಾವ್ ಮೂಲದಿಂದ ಬಂದವು, ಒಂದು ಬಹುವಚನದಿಂದ, ಮತ್ತೊಂದು ಏಕವಚನದಿಂದ. ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಇದೇ. ಸ್ಲಾವರಿಗೆ ವ್ಲಾಹ್ ಎಂದರೆ ಲ್ಯಾಟಿನ್ ಸಂತತಿಯ ಭಾಷೆಯಾಡುವವ. ಪೋಲೆಂಡಿಗೆ ಬಂದ ಅಂಥವರಲ್ಲಿ ಇಟಲಿಯ ವ್ಯಾಪಾರಿಗಳು, ಪಾದ್ರಿಗಳು, ಶಿಲ್ಪಿಗಳು ಎದ್ದು ಕಂಡರು, ಪದ ಅವರಿಗೇ ನಿಂತಿತು. ಚೆಕ್ಕರೂ ಹಿಂದೆ ಇಟಲಿಯವರನ್ನು ವ್ಲಾಹ್ ಎನ್ನುತ್ತಿದ್ದರು, ಈಗ ಇಟಲಿಗೆ ‘ಇತಾಲಿಯೆ’ ಎನ್ನುತ್ತಾರೆ. ಪೋಲಿಷರು, ಹಂಗೇರಿಯವರು ಬದಲಿಸಲಿಲ್ಲ, ಅಷ್ಟೆ.

ಬಾಲ್ಕನ್ನಿನಲ್ಲಿ ನಡೆದದ್ದೇ ಬೇರೆ. ಅಲ್ಲಿ ಲ್ಯಾಟಿನ್ ಮೂಲದ ಮಾತಾಡುವವರು ಬೆಟ್ಟದ ಮೇಲೆ ಕುರಿ ಮೇಯಿಸುತ್ತಾ, ಸರಕು ಹೇರಿದ ಕುದುರೆಗಳ ಜೊತೆ ಅಲೆಯುತ್ತಾ ಬದುಕಿದ್ದರು. ಬೈಜಾಂಟಿಯಂನ ಇತಿಹಾಸಕಾರರು ಅವರ ಹೆಸರನ್ನು ಮೊದಲು ತರುವುದೇ ಒಂದು ಕೊಲೆಯ ಸುದ್ದಿಯಲ್ಲಿ: 976ರಲ್ಲಿ ಬಲ್ಗೇರಿಯದ ಸಾಮುಯೆಲನ ಅಣ್ಣ ಡೇವಿಡ್‌ನನ್ನು ಕಸ್ತೋರಿಯಾ ಮತ್ತು ಪ್ರೆಸ್ಪಾ ನಡುವೆ ಅಲೆಮಾರಿ ವ್ಲಾಹರು ಕೊಂದರು ಎಂದು. ಮುಂದೆ ವ್ಲಾಹ್ ಎಂದರೆ ಭಾಷೆಗಿಂತ ಕಸುಬು ಎಂಬಂತಾಯಿತು. ಗ್ರೀಕಿನಲ್ಲಿ ‘ವ್ಲಾಹೋಸ್’ ಕುರಿ ಕಾಯುವವ, ಅಲ್ಲಿಂದ ಹಳ್ಳಿಗುಗ್ಗು. ಡಾಲ್ಮೇಶಿಯದ ಕರಾವಳಿ ಪೇಟೆಯವರಿಗೆ ಗುಡ್ಡದಾಚೆಯ ಒಳನಾಡಿನವರೆಲ್ಲ ‘ವ್ಲಾಯ್’, ಅವರು ಅಪ್ಪಟ ಕ್ರೊಯೇಷಿಯನ್ ಆಡಿದರೂ. ಬೋಸ್ನಿಯದಲ್ಲಿ ಆರ್ಥೊಡಾಕ್ಸ್ ಸರ್ಬರನ್ನು ಅನ್ಯಮತದವರು ಹೀಯಾಳಿಸಿ ಕರೆಯುವ ಹೆಸರು ಅದೇ. 1630ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ತುರ್ಕರ ಎದುರಿನ ಗಡಿಯಲ್ಲಿ ನೆಲೆಸಿದ ಸೈನಿಕ ರೈತರಿಗೆ ಕೊಟ್ಟ ಹಕ್ಕುಪತ್ರದ ಹೆಸರೇ ‘ವಲಾಖರ ಶಾಸನ’. ಅದರಲ್ಲಿ ಹೆಚ್ಚಿನವರು ಸ್ಲಾವ್ ಭಾಷಿಕರು! ಚೆಕ್ ದೇಶದ ಪೂರ್ವದಲ್ಲಿ ವಲಾಶ್ಸ್ಕೊ ಎಂಬ ಬೆಟ್ಟದ ಸೀಮೆ ಇದೆ. ಕಾರ್ಪೇಥಿಯನ್ ಬೆಟ್ಟಸಾಲಿನ ಗುಂಟ ಕುರಿ ಹೊಡೆದುಕೊಂಡು ಬಂದವರ ಕಸುಬಿನಿಂದ ಅದಕ್ಕೆ ಆ ಹೆಸರು. ಇವತ್ತು ಅಲ್ಲಿನವರ ಮಾತು ಚೆಕ್.

ಈ ಇಡೀ ಹರವಿನಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು, ನಿಮ್ಮ ಸಹೋದ್ಯೋಗಿಗೂ ಹೇಳಿ. ಹೊರಗಿನವರು ವಲ್ಹ, ವೆಲ್ಶ್, ವ್ಲಾಹ್ ಎಂದ ಹಲವು ಕಡೆ ಒಳಗಿನವರು ತಮ್ಮನ್ನು ‘ರೋಮನ್’ ಎಂದುಕೊಂಡಿದ್ದಾರೆ. ವಲಾಕಿಯ ಎಂಬ ಹೆಸರು ಹೊರಗಿನವರದ್ದು, ಅಲ್ಲಿನವರ ಭಾಷೆಯಲ್ಲಿ ಅದು ‘ರೊಮಾನರ ನಾಡು’, ಅದರಿಂದಲೇ ರೊಮೇನಿಯ. ಗ್ರೀಸ್, ಅಲ್ಬೇನಿಯ ಕಡೆಯ ವ್ಲಾಹರು ತಮ್ಮನ್ನು ‘ಅರ್ಮಾನ್’ ಎನ್ನುತ್ತಾರೆ, ಅದೂ ರೊಮಾನುಸ್‌ನ ಸವೆದ ರೂಪ. ಕೂರ್ ಸುತ್ತಲಿನ ವೆಲ್ಶ್ ಭಾಷೆಗೆ ಅದರ ಆಡುಗರಿಟ್ಟ ಹೆಸರು ರೊಮಾನ್ಶ್. ಸ್ವಿಸ್ ವೆಲ್ಶ್‌ಲಾಂಡಿಗೆ ಅಲ್ಲಿನವರು ಹೇಳುವುದು ರೊಮಾಂಡಿ. ವಲ್ಹ ಮತ್ತು ರೋಮನ್ ಒಂದೇ ನಾಣ್ಯದ ಎರಡು ಮುದ್ರೆಗಳಾಗಿ ಯುರೋಪಿನುದ್ದಕ್ಕೂ ಚಲಾವಣೆಯಾಗಿವೆ, ಒಂದು ಹೊರಗಿನವರು ಒತ್ತಿದ್ದು, ಮತ್ತೊಂದು ಒಳಗಿನವರು. ವೇಲ್ಸ್ ಈ ಸಾಲಿಗೆ ಸೇರದ್ದು, ಏಕೆಂದರೆ ಅಲ್ಲಿ ಕೆಲ್ಟಿಕ್ ಭಾಷೆ ಲ್ಯಾಟಿನ್ನಿನ ಕೆಳಗೂ ಸಾಯದೆ ಉಳಿಯಿತು. ಹಾಗಾಗಿ ‘ವೆಲ್ಶ್ ಎಂದರೆ ಪರಕೀಯ’ ಎನ್ನುವುದಕ್ಕಿಂತ ‘ರೋಮಿನ ಕಡೆಯವರು’ ಎಂದರೆ ಸತ್ಯಕ್ಕೆ ಹತ್ತಿರ.

ಇನ್ನು ನಿಮ್ಮ ಅಂಗಡಿಯ ಆಕ್ರೋಟು. ಉತ್ತರ ಯುರೋಪಿನವರಿಗೆ ಕಾಯಿ ಎಂದರೆ ತಮ್ಮ ಕಾಡಿನ ಹೇಜಲ್. ದಕ್ಷಿಣದಿಂದ ಬಂದದ್ದನ್ನು ‘ವಲ್ಹರ ಕಾಯಿ’ ಎಂದರು. ಇಂಗ್ಲಿಷ್, ಡಚ್, ಸ್ವೀಡಿಷ್, ಜರ್ಮನ್ ಎಲ್ಲದರಲ್ಲೂ ಅದೇ, ಚೆಕ್ ಮತ್ತು ಪೋಲಿಷ್ ರೂಪಗಳೂ ಅದೇ ಅರ್ಥದವು. ರಷ್ಯನ್ನರಿಗೆ ಮಾತ್ರ ಅದು ‘ಗ್ರೀಕರ ಕಾಯಿ’, ಅವರಿಗೆ ದಕ್ಷಿಣ ಎಂದರೆ ಗ್ರೀಸ್. ಹೆಸರು ಹಣ್ಣಿನ ತವರನ್ನು ಹೇಳುವುದಿಲ್ಲ, ಅದು ಯಾವ ಬಾಗಿಲಿನಿಂದ ಮನೆಗೆ ಬಂತು ಎಂಬುದನ್ನು ಹೇಳುತ್ತದೆ. ಕ್ರಾಕೋವ್ ಮಾರುಕಟ್ಟೆಯಲ್ಲಿ ಕ್ಯಾರೆಟ್, ಪಾರ್ಸ್ಲಿ ಬೇರು, ಸೆಲೆರಿ ಗೆಡ್ಡೆ, ಲೀಕ್ ಸೇರಿಸಿ ಕಟ್ಟಿದ ಸೂಪಿನ ಕಟ್ಟನ್ನು ನೋಡಿರುತ್ತೀರಿ. ಅದರ ಹೆಸರು ‘ವ್ವೊಶ್ಚಿಜ್ನಾ’, ಇಟಲಿಯ ಸಾಮಾನು. 1518ರಲ್ಲಿ ನಿಮ್ಮ ಊರಿನಲ್ಲೇ ದೊರೆ ಒಂದನೆಯ ಸಿಗಿಸ್ಮಂಡನನ್ನು ಮದುವೆಯಾದ ಇಟಲಿಯ ಬೋನಾ ಸ್ಫೋರ್ಜಾ ಈ ತರಕಾರಿಗಳನ್ನು ತಂದಳು ಎಂದು ಪ್ರತಿಯೊಬ್ಬ ಪೋಲಿಷ್ ಅಜ್ಜಿಯೂ ಹೇಳುತ್ತಾಳೆ. ಇವುಗಳಲ್ಲಿ ಹಲವು ಅವಳಿಗಿಂತ ಮೊದಲೇ ಅಲ್ಲಿದ್ದವು, ರಾಣಿಯಿಂದ ಬಂದದ್ದು ಹೆಚ್ಚಾಗಿ ರುಚಿ ಮತ್ತು ಪ್ರತಿಷ್ಠೆ. ಅಲ್ಲಿನ ‘ವ್ವೊಸ್ಕಿ’ ಸಬ್ಬಸಿಗೆ ಎಂದರೆ ದೊಡ್ಡ ಸೋಂಪಿನ ಗೆಡ್ಡೆ, ‘ವ್ವೊಸ್ಕಾ’ ಕೋಸು ಎಂದರೆ ಸುಕ್ಕು ಎಲೆಯ ಸವಾಯ್. ಜರ್ಮನ್ನರ ವೆಲ್ಶ್‌ರೀಸ್ಲಿಂಗ್ ದ್ರಾಕ್ಷಿಗೆ ಹಂಗೇರಿಯಲ್ಲಿ ‘ಒಲಸ್’, ಸ್ಲೊವೇನಿಯದಲ್ಲಿ ‘ಲಾಶ್ಕಿ’, ಚೆಕ್‌ನಲ್ಲಿ ‘ವ್ಲಾಶ್ಸ್ಕಿ’ ಎಂಬ ವಿಶೇಷಣ. ನಾಲ್ಕೂ ಒಂದೇ ಪದ. ರೈನ್ ತೀರದ ಹೆಸರಾಂತ ರೀಸ್ಲಿಂಗ್‌ಗೂ ಈ ಬಳ್ಳಿಗೂ ನೆಂಟಸ್ತಿಕೆ ಇಲ್ಲ. ಇಂಗ್ಲಿಷಿನ ‘ವೆಲ್ಶ್ ಆನಿಯನ್’ ವೇಲ್ಸ್‌ನದ್ದಲ್ಲ, ಏಷ್ಯಾದ್ದು. ಅಲ್ಲಿ ಮಾತ್ರ ವೆಲ್ಶ್ ಎಂದರೆ ಬರೀ ಹೊರಗಿನದು, ಹೊರಗಿನ ಈರುಳ್ಳಿ ಎಂದಷ್ಟೇ ಅರ್ಥ.

ಕನ್ನಡದಲ್ಲಿ ‘ಸೀಮೆ’ ಮಾಡುವ ಕೆಲಸ ಇದೇ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಇನ್ನೂ ಸೊಗಸಾದದ್ದು ಪರಂಗಿ ಹಣ್ಣು. ಪರಂಗ, ಫರಂಗಿ ಎಂದರೆ ಮೂಲದಲ್ಲಿ ಫ್ರಾಂಕ್. ಗಾಲ್ ನಾಡಿನವರನ್ನು ವಲ್ಹ ಎಂದು ಕರೆದರಲ್ಲ, ಅದೇ ಫ್ರಾಂಕರು. ಅರಬರು, ಪರ್ಷಿಯದವರು ಪಶ್ಚಿಮ ಯುರೋಪಿನವರನ್ನೆಲ್ಲ ಅವರ ಹೆಸರಿನಲ್ಲಿ ಕರೆದರು, ಅದು ನಮ್ಮಲ್ಲಿಗೂ ಬಂತು, ಪೋರ್ಚುಗೀಸರು ಅಮೆರಿಕದಿಂದ ತಂದ ಹಣ್ಣಿಗೂ ಅಂಟಿತು. ಬೇರೆಯವರಿಗೆ ‘ಹೊರಗಿನವ’ ಎಂದು ಹೆಸರಿಟ್ಟವರು ಕನ್ನಡದಲ್ಲಿ ತಾವೇ ಹೊರಗಿನವರಾಗಿ ಹಿತ್ತಲಿನ ಗಿಡದಲ್ಲಿ ನೇತಾಡುತ್ತಿದ್ದಾರೆ.

ಪದ ಎಲ್ಲಿಯವರೆಗೆ ಜಾರಬಹುದು ಎಂಬುದಕ್ಕೆ ಒಂದೇ ಉದಾಹರಣೆ. ಜರ್ಮನ್ನಿನಲ್ಲಿ ‘ವಾಲಾಖ್’ ಎಂದರೆ ಬೀಜ ಒಡೆದ ಗಂಡು ಕುದುರೆ, ಪೋಲಿಷ್, ಚೆಕ್, ಸ್ವೀಡಿಷ್‌ಗಳಲ್ಲೂ ಹಾಗೆಯೇ. ಅಂಥ ಕುದುರೆಗಳು ವಲಾಕಿಯದ ಕಡೆಯಿಂದ ಬರುತ್ತಿದ್ದವು. ಫ್ರೆಂಚರಿಗೆ ಅವು ಹಂಗೇರಿಯಿಂದ ಸಿಕ್ಕಿದ್ದರಿಂದ ಅವರ ಭಾಷೆಯಲ್ಲಿ ಅಂಥ ಕುದುರೆಗೆ ‘ಹಂಗೇರಿಯವ’ ಎಂದೇ ಹೆಸರು.

ಕೊನೆಯದಾಗಿ ವಾಲಿಸ್. ಅಲ್ಲ, ಅದು ಈ ಕುಟುಂಬದ್ದಲ್ಲ. ರೋನ್ ನದಿಯ ಮೇಲ್ಕಣಿವೆಯ ಆ ಪ್ರಾಂತಕ್ಕೆ ಲ್ಯಾಟಿನ್ನಿನಲ್ಲಿ ಕಣಿವೆ ಎಂಬರ್ಥದ ‘ವಾಲಿಸ್’ನಿಂದಲೇ ಹೆಸರು ಬಂತು, ಫ್ರೆಂಚರು ಅದನ್ನು ‘ವಾಲೆ’ ಎನ್ನುತ್ತಾರೆ. ನಾರ್ಸ್ ಪುರಾಣದ ವಾಲ್‌ಹಾಲ ಕೂಡ ಅಲ್ಲ, ಅಲ್ಲಿನ ‘ವಾಲ್’ ಎಂದರೆ ಯುದ್ಧದಲ್ಲಿ ಮಡಿದವರು. ಇಂಗ್ಲಿಷಿನಲ್ಲಿ ಗೋಡೆಗೆ ಹೇಳುವ ‘ವಾಲ್’ ಲ್ಯಾಟಿನ್ನಿನ ‘ವಾಲ್ಲುಮ್’. ಆಲ್ಪ್ಸ್‌ನಲ್ಲಿ ನೀವು ‘ವಾಲ್ಸರ್’ ಎಂಬವರ ಹಳ್ಳಿಗಳನ್ನು ಕಂಡರೂ ಮೋಸಹೋಗಬೇಡಿ. ಅವರು ಮಧ್ಯಯುಗದಲ್ಲಿ ವಾಲಿಸ್‌ನಿಂದ ಎದ್ದು ಪೂರ್ವದ ಕಣಿವೆಗಳಿಗೆ ಹೋದ ಜರ್ಮನ್ ಭಾಷಿಕರು, ಅವರಲ್ಲಿ ಎಷ್ಟೋ ಜನ ಹೋಗಿ ಮನೆ ಕಟ್ಟಿಕೊಂಡದ್ದು ಅಸಲಿ ವೆಲ್ಶರಾದ ರೊಮಾನ್ಶ್‌ನವರ ಪಕ್ಕದಲ್ಲಿ.